ಕೊಂಗಿ ಹೋದ ಮೇಲೆ

ಮರಿಯ ನೆತ್ತಿಯಿಂದ ಹಾಲಿನ ವಾಸನೆ, ಹಸಿ ಹಾಲಲ್ಲ, ಕುಡಿದು ಅರ್ಧ ಗಂಟೆಯಾದ ಮೇಲೆ ಉಸಿರಿನಲ್ಲಿ ತಿರುಗಿ ಬರುವ ಹಾಲು, ಕಾರಿನ ಬಿಸಿಗೆ ಅದು ಇನ್ನಷ್ಟು ಸಿಹಿಯಾಗಿ ಏಳುತ್ತಿದೆ, ಕಿಟಕಿ ಸ್ವಲ್ಪ ಇಳಿಸಲೇ ಅಂದರೆ ಇವರು ಬೇಡ ಬೇಡ, ಕೊಂಗಿಗೆ ಗಾಳಿ ಬಡಿಯುತ್ತೆ ಅನ್ನುತ್ತಾರೆ, ಕೊಂಗಿ ಅನ್ನುತ್ತಾರೆ, ಎಷ್ಟು ಸಲೀಸಾಗಿ, ಮೇ ತಿಂಗಳಲ್ಲಿ ಸತ್ತ ನಾಯಿಯ ಹೆಸರನ್ನು ಅಕ್ಟೋಬರಿನಲ್ಲಿ, ನಡುವೆ ಏನೂ ಆಗಿಲ್ಲದ ಹಾಗೆ, ನಾನೇ ಅಲ್ಲವೆ ಅದನ್ನು ಹಳೆಯ ಟವಲಿನಲ್ಲಿ ಸುತ್ತಿ ಸುಡಲು ಕೊಟ್ಟು ಬಂದವಳು, ಒಂದು ಹಿಡಿ ಬೂದಿಯಾದದ್ದನ್ನು ಕಣ್ಣಾರೆ ಕಂಡವಳು, ಈಗ ತೊಡೆಯ ಮೇಲೆ ಅದೇ ಬಿಳಿ ಮೈ, ಅದೇ ಕಪ್ಪು ಕಾಳಿನಂಥ ಕಣ್ಣು — ಆ ಕಣ್ಣು ನೋಡಿಯೇ ಕೊಂಗಿ, ಅಂದರೆ ಕಾಳು, ಅಂತ ಹೆಸರಿಟ್ಟದ್ದು — ಕಿವಿಯ ಮೇಲೆ ಅದೇ ಕಂದು ಮಚ್ಚೆ, ಆದರೆ ಇದಕ್ಕೆ ಬಲಗಿವಿ, ನಮ್ಮದಕ್ಕೆ ಎಡಗಿವಿ ಇತ್ತು, ಅದನ್ನು ನಾನು ಅಂದಾಗ ಮರಿ ತಂದುಕೊಟ್ಟ ಬಿಳಿ ಕೋಟಿನ ಹುಡುಗಿ ನಕ್ಕು, ಮಚ್ಚೆ ಮಾತ್ರ ಆಚೀಚೆ ಆಗಬಹುದು ಅಮ್ಮ, ಹೊಟ್ಟೇಲಿದ್ದಾಗ ಬಣ್ಣ ತನ್ನ ಪಾಡಿಗೆ ತಾನು ಹರಡಿಕೊಳ್ಳುತ್ತೆ, ಒಳಗಿನ ಬರಹ ಎಲ್ಲ ಅದೇ ಅಂದಳು, ಇವರು ತಕ್ಷಣ, ಕನ್ನಡೀಲಿ ನೋಡ್ತಿದೀನಿ ಅಂದ್ಕೊಂಡ್ರಾಯ್ತು ಬಿಡು ಅಂದರು, ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ನೋಡಿಕೊಂಡ ಮನುಷ್ಯ, ಎಡ ಬಲ ತಪ್ಪಿದರೆ ಏನಾಗುತ್ತದೆಂದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಈಗ ಕಾರಿನ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾರೆ, ಮತ್ತೆ ರಸ್ತೆ ನೋಡುತ್ತಾರೆ, ಲಾರಿಗಳು ಕೂಡ ನಮ್ಮನ್ನು ದಾಟಿ ಹೋಗುತ್ತಿವೆ, ಖುಷಿಯಾಯ್ತಾ ಅಂತ ಆಗಲೇ ಮೂರು ಸಲ ಕೇಳಿದ್ದಾರೆ, ಮೂರು ಸಲವೂ ನಾನು ಹ್ಞೂಂ ಅಂದಿದ್ದೇನೆ, ಮರಿ ಮಲಗಿದೆ, ಜೋರಾಗಿ ಏನು ಹೇಳುವುದು.

ಬೆಳಿಗ್ಗೆ ಹೇಳಿದ್ದು ಇಷ್ಟೇ, ಯೊಂಗಿನ್ ಕಡೆ ಒಂದು ಕೆಲಸ ಇದೆ, ನೀನೂ ಬಾ, ಒಳ್ಳೆ ಕೋಟು ಹಾಕ್ಕೋ. ಯಾರದೋ ಮದುವೆ ಇರಬೇಕು ಅಂದುಕೊಂಡೆ, ನಮ್ಮೂರು ನೋನ್ಸಾನಿನಿಂದ ಎರಡು ಗಂಟೆ ದಾರಿ, ಇವರು ಹಾಡು ಗುನುಗುತ್ತಿದ್ದರು, ಬೆಟ್ಟದ ಮಗ್ಗುಲಲ್ಲಿ ಹೊಸ ಕಟ್ಟಡ, ಆಸ್ಪತ್ರೆಯೂ ಅಲ್ಲ ಹೋಟೆಲೂ ಅಲ್ಲ, ಒಳಗೆ ಮೆತ್ತನೆಯ ಸೋಫಾ, ಗೋಡೆಯ ತುಂಬ ನಾಯಿಗಳ ಫೋಟೋ, ಜೋಡಿ ಜೋಡಿ, ಎಡಕ್ಕೆ ಸತ್ತದ್ದು ಬಲಕ್ಕೆ ಬದುಕಿರುವುದು, ಎಡದ್ದು ಮುದಿ ಬಲದ್ದು ಎಳಸು, ಇದೇನು ಅಂತ ತಿಳಿಯುವ ಮೊದಲೇ ಆ ಹುಡುಗಿ ಸೊಂಟದ ತನಕ ಬಗ್ಗಿ, ಕೊಂಗಿಯ ಅಮ್ಮ ಬಂದ್ರಾ, ಬನ್ನಿ ಬನ್ನಿ ಅಂದಳು. ನನಗೆ ಸುನ್‌ದೊಕ್ ಅಂತ ಒಂದು ಹೆಸರಿದೆ, ಅಕ್ಕನ ಬಾಯಲ್ಲಿ ಮಾತ್ರ ಉಳಿದಿದೆ, ಮಕ್ಕಳಿಲ್ಲದ ಮನೆ, ಲಿಫ್ಟಿನಲ್ಲಿ, ಮೀನಿನಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲೂ ನಾನು ಕೊಂಗಿಯ ಅಮ್ಮ, ಮೇ ಕಳೆದ ಮೇಲೆ ಜನ ಏನೆಂದು ಕರೆಯಬೇಕೋ ತಿಳಿಯದೆ ಬರೀ ತಲೆ ಬಾಗಿಸಿ ಹೋಗುತ್ತಿದ್ದರು, ಐದು ತಿಂಗಳು ನಾನು ಯಾರ ಅಮ್ಮನೂ ಆಗಿರಲಿಲ್ಲ, ಎಷ್ಟು ಹಗುರವಿತ್ತು, ಅದನ್ನು ಬಾಯಿಬಿಟ್ಟು ಹೇಳಿದರೆ ಎಂಥ ಹೆಂಗಸು ಅಂದಾರು. ಮೊದಲು ಈ ವಿಡಿಯೋ ನೋಡಿಬಿಡಿ, ಆಮೇಲೆ ಮಗೂನ ತರ್ತೀವಿ ಅಂದಳು, ಗೋಡೆಯ ಟೀವಿಯಲ್ಲಿ ಪಿಯಾನೋ, ಮೋಡ, ಆಮೇಲೆ ಒಂದು ಸ್ಟೀಲ್ ಮೇಜು, ಅದರ ಮೇಲೆ ಮುದಿ ಕೊಂಗಿ, ಅದರ ಹಿಂಗಾಲುಗಳನ್ನು ಒತ್ತಿ ಹಿಡಿದ ಎರಡು ಕೈ, ಗೆಣ್ಣು ಊದಿದ ಕೈ, ಹೆಬ್ಬೆರಳಿಗೆ ಪಟ್ಟಿ, ಕಳೆದ ನವೆಂಬರಿನಲ್ಲಿ ಕಿಮ್ಚಿಗೆ ಮೂಲಂಗಿ ಹೆಚ್ಚುವಾಗ ಕುಯ್ದುಕೊಂಡಿದ್ದೆನಲ್ಲ ಆ ಹೆಬ್ಬೆರಳು, ನನ್ನದೇ. ಹೊಟ್ಟೆ ಹತ್ತಿರ ಸಣ್ಣ ಗಂಟಿದೆ, ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸೋಣ ಅಂದಿದ್ದರು ಬೀದಿ ಕೊನೆಯ ನಾಯಿ ಡಾಕ್ಟರು, ಇವರು ಮೂಲೆಯಲ್ಲಿ ನಿಂತು ಫೋನಿನಲ್ಲಿ ಹಿಡಿಯುತ್ತಿದ್ದರು, ಇದನ್ನೆಲ್ಲ ಯಾಕೆ ಹಿಡೀತೀರಿ ಅಂದರೆ, ನೆನಪಿಗೆ ಅಂದಿದ್ದರು, ಅದು ಕುಯ್ಯೋ ಅನ್ನುತ್ತಿತ್ತು, ನಾನು ಅದರ ಕಿವಿಗೆ ಬಾಯಿಟ್ಟು ಆಯ್ತು ಆಯ್ತು ಮುಗೀತು ಅನ್ನುತ್ತಿದ್ದೆ, ಹದಿನೈದು ದಿನ ಅನ್ನ ಸೇರಲಿಲ್ಲ ನನಗೆ, ಗಂಟು ಏನಾಯಿತೋ ಏನಾಯಿತೋ ಅಂತ, ಕಡೆಗೆ ಇವರು, ಏನೂ ಇಲ್ಲವಂತೆ ಕಣೆ, ಹೆದರಬೇಡ ಅಂದಾಗ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ, ಗಂಟೇ ಇರಲಿಲ್ಲ, ಆ ಚೂರು ಚರ್ಮದಿಂದಲೇ ಇದನ್ನು ತದ್ರೂಪು ಮಾಡಿಸಿದ್ದು, ಈ ಮರಿಯ ಮೊದಲ ತುಣುಕನ್ನು ನಾನೇ ನನ್ನ ಕೈಯಾರೆ ಹಿಡಿದುಕೊಟ್ಟಿದ್ದೆ.

ಮರಿ ಮಲಗಿದ್ದಲ್ಲೇ ಕಾಲು ಝಾಡಿಸುತ್ತದೆ, ಕನಸಿರಬೇಕು, ಎರಡು ತಿಂಗಳ ಮರಿಗೆ ಯಾರ ಕನಸು ಬೀಳುತ್ತದೋ. ಹೆತ್ತ ನಾಯಿ ಎಲ್ಲಿ ಅಂತ ಆ ಹುಡುಗಿಯನ್ನು ಕೇಳಿದ್ದೆ, ಅದು ಚೆನ್ನಾಗಿದೆ ಅಮ್ಮ, ಹೊಟ್ಟೆ ಮಾತ್ರ ಅದರದು, ಮಗು ನಿಮ್ಮದೇ ಅಂದಳು. ಆಮೇಲೆ ಇವರ ಕಡೆ ತಿರುಗಿ, ಇನ್ನೂ ಹನ್ನೊಂದು ಕೊಳವೆ ಜೀವಕೋಶ ತಂಪಿನಲ್ಲಿ ಭದ್ರವಾಗಿದೆ ಸಾರ್, ಮುಂದೆ ಯಾವತ್ತು ಬೇಕಾದರೂ, ಅಂದಳು, ಇವರು ಹ್ಞೂಂ ಅಂತ ತಲೆಯಾಡಿಸಿದರು, ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, ಹದಿನಾರು ಹನ್ನೊಂದ್ಲೆ ನೂರ ಎಪ್ಪತ್ತಾರು, ಹದಿನಾರು ವರ್ಷ ಬದುಕಿತ್ತು ಕೊಂಗಿ, ಮೊದಲ ಹನ್ನೆರಡು ವರ್ಷದ ಬಗ್ಗೆ ನನಗೇನೂ ದೂರಿಲ್ಲ, ಕಡೆಯ ನಾಲ್ಕು, ಕಣ್ಣು ಹೋಯಿತು, ಆಮೇಲೆ ಸೊಂಟ, ಮಗುವಿನ ಹಾಗೆ ಡಯಪರು, ಅಡುಗೆಮನೆಯಲ್ಲಿ ಒಂದೇ ಕಡೆಗೆ ಸುತ್ತು ಸುತ್ತು ಸುತ್ತಿ ಗೋಡೆಗೆ ಹಣೆ ಹಚ್ಚಿ ನಿಂತುಬಿಡುವುದು, ಯಾರಾದರೂ ಬಂದು ತಿರುಗಿಸುವ ತನಕ ಅಲ್ಲೇ, ಯಾರಾದರೂ ಅಂದರೆ ನಾನು, ಇವರು ಅದರ ಜತೆ ಮಾತಾಡುತ್ತಿದ್ದರು, ಒಪ್ಪುತ್ತೇನೆ, ರಿಟೈರ್ ಆದ ಮೇಲೆ ನನ್ನ ಹತ್ತಿರ ಆಡಿದ್ದಕ್ಕಿಂತ ಹೆಚ್ಚು ಮಾತು ಅದರ ಹತ್ತಿರವೇ ಆಡಿದರು, ಆದರೆ ಒಂದು ದಿನ ಅದರ ಹಿಂಭಾಗ ಒರೆಸಲಿಲ್ಲ, ಔಷಧಿ ಹನಿಸಲಿಲ್ಲ, ನಾಲ್ಕು ವರ್ಷ ನಾನು ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಲಿಲ್ಲ, ಹೋದ ವರ್ಷ ಅಕ್ಟೋಬರಿನಲ್ಲಿ ಭಾವ ತೀರಿಕೊಂಡಾಗಲೂ ಅಕ್ಕನ ಊರು ಮೊಕ್ಪೊಗೆ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು, ಅಕ್ಕ ಬಾಗಿಲ ತನಕ ಬಂದು, ನೀನಿದ್ರೆ ಒಂದಿಷ್ಟು ಮೀನು ಒಣಗಿಸಿ ಮಾರ್ಕೊಂಡು ಇಬ್ರೂ ಇರಬಹುದಿತ್ತು ಕಣೆ ಸುನ್‌ದೊಕ್, ಮೇಲಿನ ಕೋಣೆ ಖಾಲಿ ಇದೆ, ಕಿಟಕಿ ತೆಗೆದ್ರೆ ದೋಣಿ ಕಾಣ್ಸುತ್ತೆ ಅಂದಿದ್ದಳು, ಆ ವಾರವೇ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, ಕೊಂಗಿ ಹೋದ ಮೇಲೆ ನಾನು ಅಕ್ಕನ ಹತ್ತಿರ ಹೋಗಿರ್ತೀನಿ, ಜಗಳ ಅಲ್ಲ, ಕೋಪ ಅಲ್ಲ, ಸುಮ್ಮನೆ ಹೋಗಿರ್ತೀನಿ, ಇವರು ಮೂಲಂಗಿ ಕಿಮ್ಚಿ ಇನ್ನೆರಡು ತುಂಡು ಬಡಿಸಿಕೊಂಡು, ಆಯ್ತು, ಕೊಂಗಿ ಹೋದ ಮೇಲೆ ನೋಡೋಣ ಅಂದರು, ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ. ಕೊಂಗಿ ಹೋಯಿತು. ಸಾವಿನ ನಲವತ್ತೊಂಬತ್ತು ದಿನ ಕಳೀಲಿ ಅಂದರು, ಕಳೆಯಿತು, ಹಬ್ಬ ಇದೆ, ಹಿರಿಯರಿಗೆ ಎಡೆ ಇಡೋರು ಯಾರು ಅಂದರು, ಇಟ್ಟೆ, ಸೋಮವಾರ ಹೊರಡುತ್ತೇನೆ ಅಂದೆ, ಇವತ್ತು ಶುಕ್ರವಾರ, ನನ್ನ ಪೆಟ್ಟಿಗೆ ಮನೆಯ ಬಾಗಿಲ ಹತ್ತಿರ ನಿಂತಿದೆ, ತೊಡೆಯ ಮೇಲೆ ಇದು. ನಾಯಿಯ ಮೇಲಿನ ಆಸೆಗೆ ಮಾಡಿಸಿದರು ಅಂತ ಆ ಹುಡುಗಿ ತಿಳಿದಿದ್ದಾಳೆ, ವಿಡಿಯೋ ನೋಡುತ್ತ ಇವರು ಕಣ್ಣೊರೆಸಿಕೊಂಡಾಗ ಟಿಶ್ಯೂ ಡಬ್ಬ ಮುಂದಿಟ್ಟಳು, ನಾನೂ ಹಾಗೇ ಅಂದುಕೊಂಡಿದ್ದೆ, ಈಗ ಕನ್ನಡಿಯಲ್ಲಿ ಇವರ ಕಣ್ಣು ನಾಲ್ಕನೇ ಸಲ ನನ್ನ ಕಡೆ ಬಂದಾಗ ಗೊತ್ತಾಗುತ್ತಿದೆ, ಅದು ಮರಿಯನ್ನು ನೋಡುತ್ತಲೇ ಇಲ್ಲ, ನನ್ನನ್ನು ನೋಡುತ್ತಿದೆ, ಹೆದರಿದ ಕಣ್ಣು, ಹೋಗಬೇಡ ಅನ್ನುವ ಒಂದು ಮಾತು ಬಾಯಿಗೆ ಬಾರದೆ ಈ ಮನುಷ್ಯ ಸತ್ತ ನಾಯಿಯನ್ನು ಎಬ್ಬಿಸಿ ತಂದಿದ್ದಾನೆ.

ಜಂಗಾನಿನ ಹೆದ್ದಾರಿ ತಂಗುದಾಣದಲ್ಲಿ ಕಾರು ನಿಲ್ಲಿಸಿದರು, ಕಾಲು ಹಿಡ್ಕೊಂಡಿದೆ, ಕಾಫಿ ತರ್ತೀನಿ, ನೀನು ಇಳೀಬೇಡ, ಅದಕ್ಕೆ ಎಚ್ಚರ ಆಗುತ್ತೆ ಅಂದು ಹೋದರು, ಬಾಗಿಲು ಮೆತ್ತಗೆ ಹಾಕಿದರು, ಜನ ಸುಟ್ಟ ಆಲೂಗಡ್ಡೆ ತಿನ್ನುತ್ತಿದ್ದಾರೆ, ಆ ತುದಿಯಲ್ಲಿ ಬಸ್ಸು ಬದಲಿಸುವ ಕಟ್ಟೆ, ದೂರದ ಬಸ್ಸುಗಳು ನಿಂತು ಜನರನ್ನು ಅದಲುಬದಲು ಮಾಡಿಕೊಳ್ಳುವ ಜಾಗ, ಯೊಸು, ಸುಂಚನ್, ಮೊಕ್ಪೊ, ಮೊಕ್ಪೊ ಅಂತ ಕೆಂಪು ಅಕ್ಷರ ಬೋರ್ಡಿನಲ್ಲಿ ಓಡುತ್ತಿದೆ, ಓದಿದೆನೋ ಇಲ್ಲವೋ, ಕಾಲು ಆಗಲೇ ಕೆಳಗಿತ್ತು, ಪೆಟ್ಟಿಗೆ ಇಲ್ಲ, ಪರವಾಗಿಲ್ಲ, ಅಕ್ಕನ ಬಟ್ಟೆ ನನಗೆ ಆಗುತ್ತದೆ, ಹಿಂದೆ ತಿರುಗಲಿಲ್ಲ, ತಿರುಗಿದರೆ ಆ ಕಣ್ಣು ಎಲ್ಲಿಂದಾದರೂ ನೋಡುತ್ತಿರುತ್ತದೆ, ಟಿಕೆಟಿನ ಮಿಷನ್ನು ಎಷ್ಟು ಜನ ಅಂತ ಕೇಳಿತು, ಒಂದು ಒತ್ತಿದೆ, ಎಷ್ಟು ಸುಲಭ, ಒಂದು, ಚೀಟಿ ಬೆಚ್ಚಗೆ ಹೊರಗೆ ಬಂತು, ಎಂಜಿನ್ನು ಗುರುಗುಡುತ್ತಿತ್ತು, ನನ್ನ ಮುಂದೆ ಇಬ್ಬರು ಸೈನಿಕ ಹುಡುಗರು ಹತ್ತಿದರು, ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ, ಅಮ್ಮಾ, ಬುಟ್ಟಿ ಇಲ್ದೆ ಅದನ್ನ ಹತ್ತಿಸೋಕಾಗಲ್ಲ ಅಂದ ಡ್ರೈವರು, ಯಾವುದನ್ನ ಅಂದೆ, ಅವನು ಗದ್ದದಿಂದ ನನ್ನ ಎದೆಯ ಕಡೆ ತೋರಿಸಿದ, ನೋಡಿಕೊಂಡರೆ ಎಡಗೈಯ ಮಡಿಕೆಯಲ್ಲಿ ಮರಿ, ಎದ್ದು ಕಣ್ಣು ಬಿಟ್ಟಿದೆ, ಚೀಟಿ ಹಿಡಿದ ಬೆರಳುಗಳೇ ಅದರ ಕಿವಿಯ ಹಿಂದೆ ಮೆಲ್ಲಗೆ ತುರಿಸುತ್ತಿವೆ, ಯಾವಾಗ ಎತ್ತಿಕೊಂಡೆ, ಕಾರಿನಿಂದ ಇಲ್ಲಿಯ ತನಕ, ಮಿಷನ್ನಿನ ಮುಂದೆ, ಇಷ್ಟು ಹೊತ್ತೂ, ನನಗೆ ತಿಳಿಯಲೇ ಇಲ್ಲ, ಮೈ ತನ್ನಷ್ಟಕ್ಕೆ ಹೊತ್ತುಕೊಂಡು ಬಂದಿದೆ.

ಕೆಳಗಿಳಿದೆ, ಇವರು ಬರುತ್ತಿದ್ದರು, ಓಡುವುದೂ ಅಲ್ಲ ನಡೆಯುವುದೂ ಅಲ್ಲ, ಎರಡೂ ಕೈಯಲ್ಲಿ ಕಾಗದದ ಲೋಟ, ಕಾಫಿ ತುಳುಕಿ ಕೈ ಸುಡುತ್ತಿರಬೇಕು, ಎಲ್ಲಿಗೆ ಅಂದರು. ಮೊಕ್ಪೊಗೆ. ಈಗಲಾ. ಈಗಲೇ, ಕೊಂಗಿ ಹೋದ ಮೇಲೆ ಅಂದಿದ್ದೆ, ಹೋಗಿ ಐದು ತಿಂಗಳಾಯ್ತು. ಮತ್ತೆ ಇದು, ಅಂದರು. ಇದು ನೀವು ತಂದಿದ್ದು, ಹಿಡ್ಕೊಳ್ಳಿ. ಕಂಕುಳಡಿ ಹಿಡಿದು ಮರಿಯನ್ನು ಮುಂದೆ ಚಾಚಿದೆ, ಅವರು ಲೋಟ ನೋಡಿದರು, ಮರಿಯನ್ನು ನೋಡಿದರು, ಎರಡೇ ಹೆಜ್ಜೆಗೆ ಬೆಂಚಿದೆ, ಲೋಟ ಇಡಬಹುದು, ನೆಲಕ್ಕೆ ಚೆಲ್ಲಬಹುದು, ಇಡಲಿಲ್ಲ ಚೆಲ್ಲಲಿಲ್ಲ, ಆ ಒಂದು ಮಾತು ಅಂದುಬಿಡಿ, ಅಂದರೆ ಉಳಿಯುತ್ತೇನೋ ಇಲ್ಲವೋ ನನಗೂ ಗೊತ್ತಿಲ್ಲ, ಆದರೂ ಒಂದು ಸಲ ನಿಮ್ಮ ಬಾಯಿಂದ, ನಾಯಿಯ ಬಾಯಿಂದಲ್ಲ ಅಂತ ಮನಸ್ಸು ಬೇಡುತ್ತಿತ್ತು, ಅವರ ತುಟಿ ಅಲುಗಿತು, ಕಾಫಿ ಆರಿಹೋಗುತ್ತೆ ಅಂದರು. ಅಮ್ಮಾ, ಬರ್ತೀರಾ ಇಲ್ವಾ ಅಂದ ಡ್ರೈವರು, ನಾನು ಕೈ ಮಡಚಲಿಲ್ಲ, ಬಾಗಿಲು ಬುಸ್ಸೆಂದು ಮುಚ್ಚಿಕೊಂಡಿತು, ಸೈನಿಕ ಹುಡುಗನೊಬ್ಬ ಕಿಟಕಿಯಿಂದ ನಮ್ಮನ್ನು ನೋಡಿಕೊಂಡೇ ಹೋದ, ಮುಂದಿನ ಬಸ್ಸು ಐವತ್ತು ನಿಮಿಷಕ್ಕೆ, ಚೀಟಿ ಬೆರಳ ಸಂದಿಯಲ್ಲೇ ಇದೆ, ತೋಳು ಹಿಂದಕ್ಕೆ ತೆಗೆದುಕೊಳ್ಳಲಾರೆ, ತೆಗೆದುಕೊಂಡರೆ ಎದೆಗೇ ಬರುತ್ತದೆ, ನೆಲಕ್ಕೆ ಬಿಡಲಾರೆ, ಸುತ್ತ ಬಸ್ಸುಗಳು, ಅವರು ಲೋಟ ಹಿಡಿದು ನಿಂತಿದ್ದಾರೆ, ನಡುವೆ ಮರಿ, ಗುಲಾಬಿ ಹೊಟ್ಟೆ, ಅದಕ್ಕೆ ನೆಲ ಸಿಗುತ್ತಿಲ್ಲ, ಆದರೂ ನಾಲ್ಕೂ ಕಾಲು ಆಡಿಸುತ್ತಿದೆ, ಎಲ್ಲಿಗೋ ಹೊರಟಂತೆ, ಗಾಳಿಯಲ್ಲಿ, ನಾಲ್ಕು ಕಾಲು, ನಡೆಯುತ್ತಿವೆ, ನಾಲ್ಕು ಕಾಲು, ಗಾಳಿಯಲ್ಲಿ —