ಅಮ್ಮನ ಎಡಗೆನ್ನೆ

ಯಾರದೋ ಏಣಿ ಕಾಲಿಗೆ ತಗುಲಿತು, ಕ್ಷಮಿಸಿ ಎಂದ ಲಿಯೋನ್ಸ್, ಯಾರಿಗೆ ಎಂದು ನೋಡಲೂ ಇಲ್ಲ, ಗೋಡೆಯ ಮೇಲೆ ಚೌಕಟ್ಟಿನೊಳಗೆ ಅಮ್ಮ ಕೂತಿದ್ದಾಳೆ, ಎಡಗೆನ್ನೆಯಲ್ಲಿ ಹಸಿರು ಪಟ್ಟೆ, ಕಣ್ಣಿನ ಕೆಳಗಿನಿಂದ ದವಡೆಯವರೆಗೆ — ಮನೆಯಲ್ಲಿ ಬರೆಯುವಾಗ ಇಷ್ಟು ಹಸಿರಿತ್ತೇ, ಇತ್ತು, ಇಲ್ಲ, ಗಾಜಿನ ಮಾಡಿನಿಂದ ಇಳಿಯುವ ಪ್ಯಾರಿಸಿನ ಈ ಬಿಳಿಚಿದ ಬೆಳಕಿನಲ್ಲಿ ಎಲ್ಲವೂ ಅರಚುತ್ತದೆ. ನಾಳೆ ಪ್ರದರ್ಶನ ಜನರಿಗೆ ಬಾಗಿಲು ತೆರೆಯುತ್ತದೆ. ಇವತ್ತು ವಾರ್ನಿಷಿನ ದಿನ, ಚಿತ್ರಕಾರರಿಗೂ ಮನೆಯವರಿಗೂ ಮಾತ್ರ ಪ್ರವೇಶ, ಗೋಡೆಗೆ ತೂಗುಹಾಕಿದ ಮೇಲೂ ಕುಂಚ ಹಿಡಿದು ತಿದ್ದಬಹುದು, ಸಂಜೆ ಗಂಟೆ ಬಾರಿಸಿದರೆ ಮುಗಿಯಿತು, ಆಮೇಲೆ ಮುಟ್ಟುವಂತಿಲ್ಲ. ಹೋದ ವರ್ಷ ಇದೇ ಕಟ್ಟಡದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಒಬ್ಬ ಮಹಾಶಯ ಕೊಡೆಯ ತುದಿಯಿಂದ ಚಿತ್ರದ ಮೂಗೊಂದನ್ನು ತೋರಿಸಿ ಹೆಂಡತಿಯನ್ನು ನಗಿಸಿದ್ದ, ಇಂಥ ಬಣ್ಣ ಬಳಿಯುವವರಿಗೆ ಪತ್ರಿಕೆಯವರು ಕಾಡುಮೃಗಗಳು ಎಂದು ಹೆಸರಿಟ್ಟರು, ಪಕ್ಕದಲ್ಲಿ ವಾರ್ನಿಷ್ ಬಳಿಯುತ್ತಿರುವ ಈ ಗ್ಯಾಸ್ಪಾರ್ ಆ ಹೆಸರನ್ನು ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ತಿರುಗುತ್ತಾನೆ. ಬೈದ್ರೆ ಬೈಲಿ ಬಿಡೋ, ಜನ ನೋಡದೆ ಸುಮ್ನೆ ಮುಂದಕ್ಕೆ ಹೋದ್ರೆ ಆಗ ಹೆದರ್ಕೋ, ಎನ್ನುತ್ತಾನೆ. ಅವನಿಗೇನು, ಅವನು ಬರೆದದ್ದು ಕೆಂಪು ಮರ, ನಕ್ಕರೆ ಮರ ಅಳುತ್ತದೆಯೇ, ಇದು ಅಮ್ಮ, ಬಂದರಿನ ಕಟ್ಟೆಯಲ್ಲಿ ಕೂತು ಬಲೆ ಹೆಣೆದವಳು, ಬದುಕಿದ್ದ ತನಕ ಯಾರ ನಗೆಗೂ ಈಡಾಗದವಳು, ವಸಂತದಲ್ಲಿ ಮಣ್ಣಿಗೆ ಹೋದವಳು, ಅವಳನ್ನು ತಂದು ಈ ಕೊಡೆಗಳ ಮುಂದೆ ನಿಲ್ಲಿಸಿದೆನಲ್ಲ ಪಾಪಿ — ಅಕ್ಕ ಸಿಡೋನಿ ಬೇರೆ ದಕ್ಷಿಣದಿಂದ ರೈಲು ಹತ್ತಿದ್ದಾಳೆ, ಅಮ್ಮನನ್ನು ನೋಡಲು. ಕೈ ಆಗಲೇ ಕೊಳವೆಯಿಂದ ಬಿಳಿಯನ್ನು ಹಿಂಡಿತ್ತು, ಅದಕ್ಕಿಷ್ಟು ಹಳದಿಮಣ್ಣು, ಚೂರು ಕೆಂಪು, ಕಲಾಶಾಲೆಯ ಮೇಷ್ಟರು ಬಡಿದು ಕಲಿಸಿದ ಚರ್ಮದ ಬಣ್ಣ, ಮರೆತಿರಲಿಲ್ಲ ಹಾಳು ಕೈ, ಬೇಸಿಗೆಯಲ್ಲೇ ಒಣಗಿದ ಹಸಿರಿನ ಮೇಲೆ ಹಸಿಯಾಗಿ ಹರಡಿತು, ಕೆನ್ನೆ ನುಣ್ಣಗಾಯಿತು, ಬಿಸ್ಕತ್ತಿನ ಡಬ್ಬಿಯ ಮೇಲಿನ ಹೆಂಗಸಿನ ಹಾಗೆ. ಗ್ಯಾಸ್ಪಾರ್ ನೋಡಿದ, ತನ್ನ ಕೆಂಪು ಮರದತ್ತ ತಿರುಗಿ ಮತ್ತೆ ವಾರ್ನಿಷ್ ಬಳಿಯತೊಡಗಿದ, ಬೈದಿದ್ದರೆ ಚೆನ್ನಾಗಿತ್ತು.

ಕಪ್ಪು ಟೋಪಿ, ಕಂಕುಳಲ್ಲಿ ಬುಟ್ಟಿ, ಉಪ್ಪುಮೀನಿನ ವಾಸನೆ, ಅಕ್ಕ ಬಂದೇಬಿಟ್ಟಳು, ಮುತ್ತಿಕ್ಕಿದಳು, ಎಷ್ಟು ಸೊರಗಿದೀಯೋ ಎಂದಳು, ಆಮೇಲೆ ಗೋಡೆಯತ್ತ ತಿರುಗಿ ನಿಂತಳು, ನಿಂತೇ ಇದ್ದಾಳೆ, ಅಳುತ್ತಾಳೋ, ಹಸಿರು ಕಾಣುತ್ತಿಲ್ಲವಲ್ಲ, ಮುಚ್ಚಿದ್ದೇನಲ್ಲ. ಇದ್ಯಾರೋ. ಅಮ್ಮ ಕಣಕ್ಕ. ಮೂಗು ಅಮ್ಮಂದೇ, ಕೆನ್ನೆ ಯಾರದ್ದೋ, ಅವಳ ಕೊನೇ ದಿನಗಳಲ್ಲಿ ಮಧ್ಯಾಹ್ನ ಬಿಸಿಲಿಗೆ ಕಿಟಕಿ ಬಾಗಿಲು ಮುಚ್ತಿದ್ವಲ್ಲ, ಆ ಹಸಿರು ಬಾಗಿಲು, ಅದರ ಸಂದಿಯಿಂದ ಅವಳ ಕೆನ್ನೆ ಮೇಲೆ ಹಸಿರು ಬೀಳ್ತಿತ್ತು, ನೀರು ಕುಡಿಸ್ವಾಗೆಲ್ಲ ನಾನು ಅದನ್ನೇ ನೋಡ್ತಿದ್ದೆ, ನೀನೂ ನೋಡಿರ್ತೀಯ ಅಂದ್ಕೊಂಡಿದ್ದೆ. ನೋಡಿದ್ದೆ ಅಕ್ಕ, ಬಾಗಿಲ ಬಳಿ ನಿಂತು, ಒಳಗೆ ಬರುವ ಧೈರ್ಯವಿಲ್ಲದೆ ಅದೊಂದನ್ನೇ ನೋಡಿದ್ದೆ — ಗಂಟೆ, ಗಂಟೆ ಬಾರಿಸುತ್ತಿದ್ದಾರೆ, ಕಾವಲುಗಾರ ಆ ತುದಿಯಿಂದ ಮುಗೀತು ಸ್ವಾಮಿ, ಕೈ ತೆಗೀರಿ ಎನ್ನುತ್ತ ಬರುತ್ತಿದ್ದಾನೆ, ಚಿಂದಿ ಬಟ್ಟೆ ಎಲ್ಲಿ, ಇಲ್ಲಿತ್ತಲ್ಲ, ಹಾಳಾಗಲಿ, ಕೋಟಿನ ತೋಳು, ಇರುವ ಒಂದೇ ಒಳ್ಳೆಯ ಕೋಟು, ಒತ್ತಿ ಉಜ್ಜಿದ, ಚರ್ಮದ ಬಣ್ಣ ತೋಳಿಗೆ ಬಂತು, ಮತ್ತೆ ಉಜ್ಜಿದ, ಕೈ ತೆಗೀರಿ ಅಂದೆ, ಒಂದು ನಿಮಿಷ, ಅಕ್ಕ ಕಾವಲುಗಾರನಿಗೆ ಬುಟ್ಟಿ ಅಡ್ಡ ಹಿಡಿದಳು, ದವಡೆಯ ಹತ್ತಿರ ಒಂದು ಎಳೆ, ಹಸಿರು, ಕಣ್ಣಿನ ಕೆಳಗೆ, ಹಸಿರು —