ಹಳದಿ ಬಣ್ಣದ ಮೆಟ್ಟಿಲು

ನಾನು ಒಂದು ಏಣಿ. ಗೋಡೆಗೆ ಒರಗಿ ನಿಲ್ಲುವ ಸಾಧು ಏಣಿಯಲ್ಲ, ಸರ್ಕಾರಿ ಬಸ್ಸಿನ ಬೆನ್ನಿಗೆ ಅಂಟಿಕೊಂಡ ಕಬ್ಬಿಣದ ಏಣಿ. ಬಸ್ಸಿನ ಮೈ ಕಟ್ಟುವ ಕಾರ್ಖಾನೆಯಲ್ಲಿ ಹುಟ್ಟಿದೆ. ಬೆಸುಗೆಯವನು ನನ್ನನ್ನು ಒಮ್ಮೆ ಜಗ್ಗಿ ನೋಡಿ, "ಇಷ್ಟು ಸಾಕು ಬಿಡು" ಎಂದ. ಆ 'ಸಾಕು' ಎಂಬ ಮಾತಿನ ಮೇಲೆ ನನಗೆ ಅಂದಿನಿಂದಲೇ ಅನುಮಾನ.

ಬಸ್ಸಿನ ಬೆನ್ನಿಗಿರುವವನಿಗೆ ಮುಂದಿನ ದಾರಿ ಕಾಣುವುದಿಲ್ಲ. ಬೆನ್ನಟ್ಟಿ ಬರುವವರ ಮುಖಗಳಷ್ಟೇ ಕಾಣುತ್ತವೆ. ಹೀಗಾಗಿ ನಾನು ಸಂಶಯಪಿಶಾಚಿಯಾದೆ. ಮೆಣಸಿನಕಾಯಿ ಚೀಲ ಹೊತ್ತು ಹತ್ತುವವನನ್ನು ಕಂಡರೆ, ಒಳಗೆ ಕಲ್ಲು ತುಂಬಿದ್ದಾನೇನೋ ಎನಿಸುತ್ತಿತ್ತು. ಮೊಬೈಲು ಹಿಡಿದು ನಗುತ್ತಾ ಬರುವ ಕಾಲೇಜು ಹುಡುಗರನ್ನು ಕಂಡರಂತೂ ಮೈಯೆಲ್ಲ ನಡುಕ.

ಚೀಲಗಳ ಭಾರಕ್ಕೆ ನನ್ನ ಕೆಳಗಿನ ಮೆಟ್ಟಿಲಿನ ಬೆಸುಗೆ ಬಿಟ್ಟಿತು. ಅದನ್ನು ಮೊದಲು ಕಂಡವಳು ಕಂಡಕ್ಟರ್ ನೀಲವ್ವ.

"ತಿಪ್ಪಣ್ಣಾ, ಈ ಮೆಟ್ಟಲಾ ಅಳ್ಳಾಡಾಕತ್ತೈತಿ ನೋಡೋ" ಎಂದು ಡಿಪೋ ಮೆಕ್ಯಾನಿಕ್ಕನಿಗೆ ಹೇಳಿದಳು.

"ನಾಳೆ ಮಾಡತೀನಿ ಬಿಡಬೇ" ಎಂದ ತಿಪ್ಪಣ್ಣ. ಆ ನಾಳೆ ಬರಲೇ ಇಲ್ಲ.

ಒಂದು ದಿನ ಕಾಲೇಜು ಸ್ಟಾಪಿನಲ್ಲಿ ಶಿವಪುತ್ರ ಎಂಬ ಹುಡುಗ ಒಂಟಿ ಕೈಯಲ್ಲಿ ನನ್ನನ್ನು ಹಿಡಿದು ಜೋತುಬಿದ್ದ. ಅವನ ಗೆಳೆಯ ಕೆಳಗೆ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿದ್ದ. ನೀಲವ್ವ ಇಳಿದು ಹಿಂದಕ್ಕೆ ಓಡಿಬಂದಳು.

"ಇಳಿಯೋ ಮಂಗ್ಯಾ! ನೀ ಬಿದ್ರ ನನ್ನ ನೌಕ್ರಿ ಬೀಳತೈತಿ!"

"ಬಿದ್ರ ನನ್ನ ಕಾಲು ಮುರೀತಾವ್ರಿ ಅಕ್ಕಾರ, ನಿಮಗೇನಾಗತೈತಿ?"

ನಮ್ಮ ಕಡೆ ಬಸ್ಸಿನ ಮೈಗೆ ಎರಡು ಸಲ ತಟ್ಟಿದರೆ 'ಹೊರಡು' ಎಂದರ್ಥ. ತಟ್ಟಿದವರು ಯಾರೆಂದು ಯಾವ ಡ್ರೈವರೂ ತಿರುಗಿ ನೋಡುವುದಿಲ್ಲ. ವಿಡಿಯೋಗೆ ಕಳೆ ಬರಲೆಂದು ಆ ಗೆಳೆಯ ಪಟಪಟ ತಟ್ಟಿಬಿಟ್ಟ. ಬಸ್ಸು ಜಗ್ಗಿ ಹೊರಟಿತು. ಶಿವಪುತ್ರ ಗಾಬರಿಯಿಂದ ಕೆಳಗಿನ ಮೆಟ್ಟಿಲ ಮೇಲೆ ಕಾಲೂರಿದ. ಅದು ಒಂದು ಕಡೆ ಕಳಚಿ ವಾಲಿತು. ಹುಡುಗ ರಸ್ತೆಗೆ ಬಿದ್ದ. ನೀಲವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

ತಟ್ಟಿದವಳು ಕಂಡಕ್ಟರೇ ಎಂದು ಅವಳನ್ನು ಸಸ್ಪೆಂಡ್ ಮಾಡಿದರು. ವಿಚಾರಣೆಯ ಮುಂಚಿನ ದಿನ ತಿಪ್ಪಣ್ಣ ಯಾರೂ ಕರೆಯದೆ ನನ್ನ ಬಳಿ ಬಂದ. ಮೆಟ್ಟಿಲಿಗೆ ಬೆಸುಗೆ ಹಾಕಿ, ಮೇಲೆ ಹಳದಿ ಬಣ್ಣ ಬಳಿದ. ಇದ್ದಕ್ಕಿದ್ದಂತೆ ಉಕ್ಕಿದ ಈ ಪ್ರೀತಿ ನನಗೆ ಹಿಡಿಸಲಿಲ್ಲ.

ವಿಚಾರಣೆ ಡಿಪೋದಲ್ಲಿ, ನನ್ನೆದುರೇ ನಡೆಯಿತು. "ಮೆಟ್ಟಲಾನೂ ಸಡಲ ಇತ್ರಿ" ಎಂದಳು ನೀಲವ್ವ. ಸಾಹೇಬರು ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಅವಳು ಸುಳ್ಳಿಯಾದಳು.

ಶಿವಪುತ್ರ ಊರುಗೋಲಿನ ಮೇಲೆ ಬಂದಿದ್ದ. "ಕಂಡಕ್ಟರ್ ತಟ್ಟಿದ್ಲು ಅನ್ನು, ಪರಿಹಾರ ಸಿಗತೈತಿ" ಎಂದು ಅವನಪ್ಪ ಕಿವಿಯಲ್ಲಿ ಊದುತ್ತಿದ್ದ. ಇವನು ಹಾಗೇ ಹೇಳುತ್ತಾನೆ, ಬೇಕಾದರೆ ಬರೆದು ಕೊಡುತ್ತೇನೆ ಅಂದುಕೊಂಡೆ.

"ಅಕ್ಕಾರು ಇಳಿ ಅಂದ್ರು, ನಾ ಇಳೀಲಿಲ್ರಿ. ತಟ್ಟಿದಾಂವ ನನ್ನ ಗೆಳ್ಯಾ. ಕಾಲು ಜಾರಿತು. ತಪ್ಪೆಲ್ಲಾ ನಂದರಿ."

ಅಪ್ಪ ಹಣೆ ಚಚ್ಚಿಕೊಂಡ. ನನಗೆ ನಾಚಿಕೆಯಾಯಿತು. ತಿಪ್ಪಣ್ಣ ಮಾತ್ರ ನೆಲ ನೋಡುತ್ತಾ ನಿಂತಿದ್ದ. ಬಾಯಿ ಬಿಡುತ್ತಾನೆಂದು ಕಾದೆ, ಬಿಡಲಿಲ್ಲ. ತಪ್ಪೆಲ್ಲಾ ಹುಡುಗನದೇ ಎಂದು ಬರೆದು ಕಡತ ಮುಚ್ಚಿದರು. ನೀಲವ್ವ ಕೆಲಸಕ್ಕೆ ಮರಳಿದಳು. ಹುಡುಗನ ಕಾಲು ಕುಂಟಾಗಿಯೇ ಉಳಿಯಿತು. ಕೊನೆಗೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ನನ್ನನ್ನು ಬಸ್ಸಿನಿಂದ ಕೊಯ್ದು ತೆಗೆದರು.

ಈಗ ನಾನು ಡಿಪೋದ ಗೋಡೆಗೆ ಒರಗಿದ್ದೇನೆ. ಬಲ್ಬು ಹಾಕಲು, ತಗಡು ಸರಿಪಡಿಸಲು ಯಾರ್ಯಾರೋ ಹತ್ತುತ್ತಾರೆ. ಎಲ್ಲರೂ ಆ ಹಳದಿ ಮೆಟ್ಟಿಲನ್ನು ನಂಬಿ ತುಳಿಯುತ್ತಾರೆ. ತಿಪ್ಪಣ್ಣನೂ ಆಗಾಗ ಹತ್ತುತ್ತಾನೆ. ಅವನೊಬ್ಬ ಮಾತ್ರ ಅದನ್ನು ದಾಟಿ, ಮೇಲಿನ ಮೆಟ್ಟಿಲಿಗೇ ಕಾಲಿಡುತ್ತಾನೆ.