ಆನಿಕಟ್ಟಿನ ಮೇಲೆ ಆರತಿ

ಬ್ರಿಟಿಷರ ಆಳ್ವಿಕೆ, ಯುದ್ಧದ ಕಾಲ. ಕೆಲಮಂಗಲದ ಹಳ್ಳಕ್ಕೆ ಊರವರೇ ಕಟ್ಟಿದ್ದ ಅಣೆಕಟ್ಟು ಮಳೆಗೆ ಒಡೆಯಿತು. ಆ ಒಡಕನ್ನು ಮುಚ್ಚಲು ನೀರಿಗಿಳಿದ ತಿಮ್ಮರಾಯಪ್ಪನವರ ಮಗ ಮೇಲೆ ಬರಲಿಲ್ಲ. ಆಮೇಲೆ ಸರ್ಕಾರದವರು ಬಂದು ಗಾರೆ ಮೆತ್ತಿಸಿ, ‘ಆನಿಕಟ್’ ಎಂದು ಇಂಗ್ಲಿಷಿನಲ್ಲಿ ಬೋರ್ಡು ನೆಡಿಸಿದರು.

ವರ್ಷ ತುಂಬಿದ ದಿನ ಮಗ ಮುಳುಗಿದ ಜಾಗದಲ್ಲೇ ಗಂಗಮ್ಮನಿಗೆ ತಂಬಿಟ್ಟಿನ ಆರತಿ ಬೆಳಗಲು ತಿಮ್ಮರಾಯಪ್ಪನವರು ಹೋದರೆ, ಓವರ್‌ಸಿಯರ್ ಅಡ್ಡ ನಿಂತ.

“ಬೋರ್ಡು ನೋಡು ತಾತ. ಇದು ಇಂಗ್ಲಿಷರ ಆನಿಕಟ್. ಪೂಜೆಗೀಜೆ ಇಲ್ಲಿ ಕೂಡದು.”

ತಿಮ್ಮರಾಯಪ್ಪನವರು ಆರತಿ ತಟ್ಟೆ ಹಿಡಿದೇ ಶಾಲೆಗೆ ನಡೆದು, ‘ಆನಿಕಟ್’ ಯಾರ ಮಾತು ಎಂದು ಕೇಳಿದರು. ನಾರಾಯಣಪ್ಪ ಮೇಷ್ಟ್ರು ದಪ್ಪ ನಿಘಂಟು ತೆಗೆದು ನೋಡಿದರು.

“ಆ ಮಾತು ಅವರದಲ್ಲ ಕಣಣ್ಣ. ತಮಿಳಿನೋರ ಅಣೈಕ್ಕಟ್ಟು, ನಮ್ಮ ಅಣೆಕಟ್ಟು. ಈ ಸೀಮೆಯಿಂದ್ಲೇ ಎತ್ಕೊಂಡೋಗವ್ರೆ.”

ತಿಮ್ಮರಾಯಪ್ಪನವರು ಮರಳಿ ಬಂದು ಅದನ್ನೇ ಹೇಳಿದರು. ಓವರ್‌ಸಿಯರ್ ನಕ್ಕ.

“ಅದು ನಂಗೂ ಗೊತ್ತು. ಆದ್ರೆ ಅಪ್ಪಣೆ ಅಪ್ಪಣೆಯೇ.”

“ಗೊತ್ತಿದ್ದೂ ತಡೀತೀಯಲ್ಲಪ್ಪ. ಕಟ್ಟಿದ್ದು ನಾವು, ಹೆಸರಿಟ್ಟಿದ್ದು ನಾವು, ಮಗನ್ನ ಕೊಟ್ಟಿದ್ದು ನಾನು. ನನ್ನ ಹಿಡ್ಕೊಂಡೋಗೋದಾದ್ರೆ ಹೋಗು, ಮೊದ್ಲು ಆರತಿ ಆಗ್ಲಿ.”

ಗಾಳಿ ಜೋರಾಗಿತ್ತು. ತಿಮ್ಮರಾಯಪ್ಪನವರು ಆ ಬೋರ್ಡನ್ನೇ ಗಾಳಿಗೆ ಮರೆಮಾಡಿಕೊಂಡು ಕುಳಿತು, ಗಂಗಮ್ಮನನ್ನು ನೆನೆದು ಬತ್ತಿ ಹಚ್ಚಿದರು.